ಎಲ್ಲರೂ ಚೆನ್ನಾಗಿದೆ ಎಂದ ಪೆಟ್ಟಿಗೆ

ಈ ಕಥೆಯ ಗುರುವಿಗೆ ಗಡ್ಡವಿಲ್ಲ, ಜಟೆಯಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಬೀಸಣಿಗೆ.

ಆಶ್ರಮವೂ ಇಲ್ಲ. ಫಿಲಿಪ್ಪೀನ್ಸ್ ದೇಶದ ಒಂದು ದ್ವೀಪದಲ್ಲಿ, ನದಿ ಕಡಲನ್ನು ಸೇರುವ ಕಡೆ, ಒಂದು ವಿಶ್ವವಿದ್ಯಾಲಯ. ಅದರ ಹಿಂದೆ, ನದಿಯ ದಂಡೆಯ ಮೇಲೆ, ಆಕೆಯ ಬಿದಿರಿನ ಮನೆ.

ಆಕೆಯ ಹೆಸರು ಪುರಿಫಿಕಾಸಿಯೋನ್ ಸುಮಾಗಾಯ್ಸಾಯ್. ಇಷ್ಟುದ್ದದ ಹೆಸರನ್ನು ಹಿಡಿದು ಯಾರು ಕರೆದಾರು? ಎಲ್ಲರ ಬಾಯಲ್ಲೂ ಮ್ಯಾಮ್ ಪುರಿಂಗ್. ಭಾಷಾಶಾಸ್ತ್ರ ಕಲಿಸಿ ನಿವೃತ್ತರಾದವರು. ತಮ್ಮ ನುಡಿಯಲ್ಲಿ ರೇಡಿಯೋ ನಾಟಕ ಬರೆದು ದ್ವೀಪದವರನ್ನೆಲ್ಲ ಅಳುವಂತೆ ಮಾಡಿದವರು.

ಶಿಷ್ಯ ಡೆಲ್ಫಿನ್. ಅದೇ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನದ ಹಂಗಾಮಿ ಮೇಷ್ಟ್ರು. ಭಾಷಾಶಾಸ್ತ್ರದ ಗಂಧಗಾಳಿ ಅವನಿಗಿಲ್ಲ. ವಿದ್ಯಾರ್ಥಿಯಾಗಿದ್ದಾಗ ಅವರ ಒಂದು ನಾಟಕದಲ್ಲಿ ಆಡಿನ ದನಿ ಮಾಡಿದ್ದ, ಅಂದಿನಿಂದ ಅವರನ್ನು ಬಿಟ್ಟಿರಲಿಲ್ಲ.

ಅಲ್ಲಿ ಇದೇನೂ ವಿಚಿತ್ರವಲ್ಲ. ಏಡಿಗಳನ್ನು ಎಣಿಸುವವರು ಪದ್ಯ ಬರೆಯುತ್ತಾರೆ. ಗಣಿತದವರು ಜೋಗುಳಕ್ಕೆ ರಾಗ ಹಾಕುತ್ತಾರೆ. ನಿನಗೇಕೆ ಈ ಉಸಾಬರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನನಗೆ ಆ ಊರು ಇಷ್ಟವಾಗುವುದು ಇದಕ್ಕೇ.

ಡೆಲ್ಫಿನ್ ಮೀನು ಒಣಗಿಸುವ ಒಂದು ಪೆಟ್ಟಿಗೆ ಮಾಡಿದ್ದ. ಮೇಲೆ ಗಾಜು, ಒಳಗೆ ಕಪ್ಪು ತಗಡು, ನಡುವೆ ಬಲೆಯ ತಟ್ಟೆ. ಬಿಸಿಲಿಗೆ ಇಟ್ಟರೆ ಸಾಕು. ನೊಣ ಕೂರುವುದಿಲ್ಲ, ಮಳೆ ಬಂದರೆ ಮೀನು ನೆನೆಯುವುದಿಲ್ಲ.

ಅಳಿವೆಯ ಆಚೆ ಮೀನುಗಾರರ ಒಂದು ಹಳ್ಳಿ. ಅಲ್ಲಿಯ ಹೆಂಗಸರಿಗೆ ಮನೆಗೊಂದು ಪೆಟ್ಟಿಗೆ ಕೊಟ್ಟ. ಕೆಲವು ತಿಂಗಳು ಬಿಟ್ಟು ಹೋಗಿ ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಸರ್ ಎಂದರು. ಒಬ್ಬರೂ ಬೇರೆ ಮಾತಾಡಲಿಲ್ಲ. ನೂರಕ್ಕೆ ನೂರು.

ಅದನ್ನೇ ಪ್ರಬಂಧ ಮಾಡಿದ. ವಿಶ್ವವಿದ್ಯಾಲಯದ ಸಂಶೋಧನಾ ದಿನದಂದು ಅದನ್ನು ಎಲ್ಲರೆದುರು ಓದಬೇಕು. ಅಂದು ಮೆಚ್ಚುಗೆಯಾದರೆ ಕೆಲಸ ಕಾಯಂ ಎಂದು ಡೀನರು ಬಾಯಿಬಿಟ್ಟೇ ಹೇಳಿದ್ದರು. ಹಂಗಾಮಿಯಾಗಿ ದುಡಿದೂ ದುಡಿದೂ ಡೆಲ್ಫಿನ್ ಸೋತುಹೋಗಿದ್ದ. ಈ ಸಲ ತಪ್ಪಿದರೆ ಮತ್ತೆ ಯಾವಾಗಲೋ ಎಂಬ ಭಯ ಅವನಿಗೆ.

ಪ್ರಬಂಧ ಹಿಡಿದು ಮ್ಯಾಮ್ ಪುರಿಂಗ್ ಮನೆಗೆ ಬಂದ. ಅಲ್ಲಿಯ ವಾಡಿಕೆಯಂತೆ ಬಗ್ಗಿ, ಅವರ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ.

ಅವರು ಕಿಟಕಿಯ ಬಳಿ ಕೂತು ಪೂರ್ತಿ ಓದಿದರು.

"ಹೇಗಿದೆ ಮ್ಯಾಮ್?"

"ಚೆನ್ನಾಗಿದೆ, ತೋತೋ."

ಮಗನ ವಯಸ್ಸಿನವರನ್ನು ಆ ಕಡೆ ಹಾಗೇ ಕರೆಯುವುದು.

ಡೆಲ್ಫಿನ್‌ನ ಮುಖ ಅರಳಿತು. ಹಳ್ಳಿಯ ಹೆಂಗಸರೂ ಇದೇ ಮಾತು ಹೇಳಿದರು ಎಂದ.

ಮ್ಯಾಮ್ ಪುರಿಂಗ್ ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದು ಅವನ ಮುಂದೆ ಇಟ್ಟು ಮುಚ್ಚಳ ತೆಗೆದರು. ಒಳಗೆ ಒಣಮೀನಿನ ಪೊಟ್ಟಣಗಳು. ಪ್ರತಿ ಭೇಟಿಯಲ್ಲೂ ತನ್ನ ಪೆಟ್ಟಿಗೆಯಲ್ಲಿ ಒಣಗಿಸಿ ಡೆಲ್ಫಿನ್ ತಂದುಕೊಟ್ಟವು. ಕಟ್ಟಿದ ದಾರ ಹಾಗೇ ಇತ್ತು.

"ನೀವು ತಿಂದೇ ಇಲ್ಲ," ಎಂದ.

"ಮೊದಲನೇದು ತಿಂದೆ. ರಟ್ಟು ಅಗಿದ ಹಾಗಿತ್ತು. ಎರಡನೇದು ಬೆಕ್ಕಿಗೆ ಹಾಕಿದೆ. ಪಾಪ, ಮರ್ಯಾದೆಗೆ ಅಂತ ಒಂದ್ಸಲ ಮೂಸಿತು."

"ಪ್ರತಿ ಸಲಾನೂ ಚೆನ್ನಾಗಿದೆ ಅಂದ್ರಲ್ಲ ಮ್ಯಾಮ್."

"ಉರಿಬಿಸಿಲಲ್ಲಿ ಹೊತ್ಕೊಂಡು ಬರ್ತಿದ್ದೆ. ಇನ್ನೇನು ಅನ್ಲಿ ನಾನು?"

ಡೆಲ್ಫಿನ್‌ಗೆ ಈಗ ಹೊಳೆಯಿತು. ಅವನೂ ಅದೇ ದ್ವೀಪದಲ್ಲಿ ಹುಟ್ಟಿದವನು. ಕಷ್ಟಪಟ್ಟು ಬಂದವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದು ಅಲ್ಲಿ ಯಾರಿಗೂ ಆಗದ ಕೆಲಸ. ಅವನೇ ಎಷ್ಟೋ ಮದುವೆಗಳಲ್ಲಿ ಸೀದ ಅನ್ನವನ್ನು ಹೊಗಳಿ ಎರಡನೇ ಸಲ ಹಾಕಿಸಿಕೊಂಡಿದ್ದ. ನಮ್ಮಲ್ಲಿಯೂ ಹೆಣ್ಣು ನೋಡಿ ಹೋದವರು ಊರಿಗೆ ಹೋಗಿ ತಿಳಿಸುತ್ತೇವೆ ಎಂದರೆ ಏನರ್ಥವೆಂದು ಹೆತ್ತವರಿಗೆ ಗೊತ್ತು. ಇಷ್ಟೆಲ್ಲ ಬಲ್ಲ ಮನುಷ್ಯ, ಸಂಶೋಧಕನಾದ ಕೂಡಲೇ ಅದನ್ನು ಮರೆತಿದ್ದ.

ಹಾಗಾದರೆ ಅವರನ್ನು ಮತ್ತೆ ಹೇಗೆ ಕೇಳಲಿ ಎಂದ.

"ಕೇಳ್ಬೇಡ. ಪೆಟ್ಟಿಗೆ ವಾಪಸ್ ಬೇಕು ಅನ್ನು."

"ಕೊಟ್ಟುಬಿಟ್ರೆ?"

ಮ್ಯಾಮ್ ಪುರಿಂಗ್ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ ನದಿಯ ಕಡೆ ನೋಡಿದರು.

ಮರುದಿನ ಡೆಲ್ಫಿನ್ ದೋಣಿ ಹತ್ತಿ ಹಳ್ಳಿಗೆ ಹೋದ. ಮೊದಲ ಮನೆಯಲ್ಲಿ, ಕಾಲೇಜಿಗೆ ಬೇಕಾಗಿದೆ, ಸ್ವಲ್ಪ ಕಾಲ ಪೆಟ್ಟಿಗೆ ಒಯ್ಯುತ್ತೇನೆ ಎಂದು ರಾಗ ಎಳೆದ. ಮಾತು ಮುಗಿಯುವ ಮೊದಲೇ ಆ ಹೆಂಗಸು ಪೆಟ್ಟಿಗೆಯನ್ನು ಹೊರಗೆ ತಂದಿಟ್ಟಳು. ತೊಳೆದು ಒರೆಸಿದ್ದಳು. ಗಾಜು ಫಳಫಳ ಹೊಳೆಯುತ್ತಿತ್ತು.

ಎರಡನೇ ಮನೆಯಲ್ಲೂ ಹಾಗೇ ಆಯಿತು. ಮೂರನೇ ಮನೆಗೆ ಅವನು ಹೋಗಬೇಕಾಗಲೇ ಇಲ್ಲ, ಸುದ್ದಿ ಅವನಿಗಿಂತ ಮುಂಚೆ ಓಡಿತ್ತು. ಹೆಂಗಸರು ಪೆಟ್ಟಿಗೆಗಳನ್ನು ತಾವೇ ಹೊತ್ತು ತಂದು ದಡದಲ್ಲಿ ಸಾಲಾಗಿ ಜೋಡಿಸಿದ್ದರು. ದಾರಿಗೆ ಇರಲಿ ಎಂದು ಬಿದಿರಿನ ಚಾಪೆಯ ಮೇಲೆ ಒಣಗಿಸಿದ ಮೀನಿನ ಪೊಟ್ಟಣಗಳನ್ನೂ ಕೊಟ್ಟರು. ಗಾಜು ಜೋಪಾನ ಎಂದು ದೋಣಿಯವನಿಗೆ ಎಚ್ಚರಿಕೆ ಹೇಳಿದರು. ಒಬ್ಬನ ಸೋಲನ್ನು ಇಷ್ಟು ಅಕ್ಕರೆಯಿಂದ ದೋಣಿಗೆ ಏರಿಸಿ ಕಳಿಸಿದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಒಬ್ಬಳು ಮಾತ್ರ ಬಂದಿರಲಿಲ್ಲ. ಲೂಮೆನ್ ಎಂಬ ವಿಧವೆ. ಡೆಲ್ಫಿನ್ ಅವಳ ಮನೆಗೆ ಹೋದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕೊಡಲ್ಲ."

ಡೆಲ್ಫಿನ್‌ನ ಎದೆ ಹಗುರವಾಯಿತು. ಒಬ್ಬಳಿಗಾದರೂ ಬೇಕಲ್ಲ ಎನಿಸಿತು.

"ಕೊಟ್ಟಿದ್ದನ್ನ ವಾಪಸ್ ಕೇಳೋಕೆ ನಾಚಿಕೆ ಆಗಲ್ವಾ ನಿಂಗೆ? ಕೋಳಿ ಕಾವಿಗೆ ಕೂತಿದೆ. ಮರಿ ಆದ್ಮೇಲೆ ಬಾ."

ಅವನು ಇಣುಕಿ ನೋಡಿದ. ಪೆಟ್ಟಿಗೆಯಲ್ಲಿ ಹುಲ್ಲು ಹಾಸಿತ್ತು. ಅದರ ಮೇಲೆ ಒಂದು ಕೆಂಚು ಕೋಳಿ ರೆಕ್ಕೆ ಹರಡಿ ಕೂತಿತ್ತು. ಗಾಜು ಎಲ್ಲಿ ಎಂದು ಕೇಳಿದ. ಕಿಟಕಿಗೆ ಹಾಕಿಸಿಕೊಂಡೆ ಎಂದಳು. ಗಾಜು ತೆಗೆದ ಮೇಲೆಯೇ ಅದು ಪೆಟ್ಟಿಗೆಯಾಗಿದ್ದು ಎಂದೂ ಸೇರಿಸಿದಳು. ಅವನು ದೋಣಿ ಹತ್ತುವವರೆಗೂ ಹಿಂದೆಯೇ ಬಂದು ಬೈದಳು.

ಡೆಲ್ಫಿನ್ ಮನೆಗೆ ಬಂದು, ಆ ಹೆಂಗಸರು ಕೊಟ್ಟ ಮೀನನ್ನು ಹುರಿದು ಅನ್ನದ ಜೊತೆ ತಿಂದ. ಬಹಳ ರುಚಿಯಾಗಿತ್ತು. ತಿನ್ನುತ್ತ ತಿನ್ನುತ್ತ ಅವನಿಗೆ ಅಳು ಬಂತು.

ಮತ್ತೆ ಗುರುವಿನ ಬಳಿ ಹೋದ. ನಡೆದದ್ದನ್ನೆಲ್ಲ ಹೇಳಿದ. ಕೋಳಿಯ ವಿಷಯಕ್ಕೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗಲಿಲ್ಲ. ಪೆಟ್ಟಿಗೆಗಳು ವಾಪಸಾದದ್ದು ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಬರೆದದ್ದನ್ನೇ ಓದಿದರೆ ಕೆಲಸ ಕಾಯಂ. ಹಳ್ಳಿಯವರು ಹಾಗೆ ಹೇಳಿದ್ದೂ ಸುಳ್ಳಲ್ಲವಲ್ಲ.

"ಏನು ಮಾಡ್ಲಿ ಮ್ಯಾಮ್?"

"ನನ್ನ ಕೇಳ್ಬೇಡ. ನಾನು ಮತ್ತೆ ಚೆನ್ನಾಗಿದೆ ಅಂದುಬಿಡ್ತೀನಿ. ನಿನ್ನ ಮೇಲೆ ನಂಗೆ ಪ್ರೀತಿ ಜಾಸ್ತಿ."

ಸಂಶೋಧನಾ ದಿನ ಬಂತು. ಸಭಾಂಗಣ ತುಂಬಿತ್ತು. ಜೀವಶಾಸ್ತ್ರದವರು ಅಳಿವೆಯ ಏಡಿಗಳ ಲೆಕ್ಕ ಒಪ್ಪಿಸಿದರು. ಗಣಿತದ ಮೇಷ್ಟ್ರು ತಮ್ಮ ಹೊಸ ಜೋಗುಳ ಹಾಡಿ, ಮುಂದಿನ ಸಾಲಿನ ಇಬ್ಬರನ್ನು ನಿಜಕ್ಕೂ ಮಲಗಿಸಿದರು. ಆಮೇಲೆ ಡೆಲ್ಫಿನ್‌ನ ಸರದಿ.

ಅವನು ಹೊಸದಾಗಿ ಬರೆದು ತಂದಿದ್ದ. ಎಲ್ಲರೂ ಚೆನ್ನಾಗಿದೆ ಎಂದರು, ಒಬ್ಬಳ ಹೊರತು ಎಲ್ಲರೂ ಪೆಟ್ಟಿಗೆ ವಾಪಸ್ ಕೊಟ್ಟರು ಎಂದು ಓದಿದ. ತಾನು ಕೇಳಿದ ರೀತಿಯೇ ತಪ್ಪು, ನಮ್ಮ ಜನರ ದಾಕ್ಷಿಣ್ಯವನ್ನು ತಾನು ಫಲಿತಾಂಶ ಎಂದುಕೊಂಡೆ ಎಂದ. ಕೊನೆಯಲ್ಲಿ ಲೂಮೆನ್ ಮನೆಯ ಕೋಳಿಯನ್ನೂ ತಮಾಷೆಗೆ ಸೇರಿಸಿದ್ದ.

ಆಮೇಲೆ ಒಬ್ಬೊಬ್ಬರಾಗಿ ಎದ್ದು ಚೆನ್ನಾಗಿದೆ ಡೆಲ್ಫಿನ್ ಎಂದರು. ಡೀನರು ಫ್ಯಾನಿನ ಕಡೆ ನೋಡುತ್ತ ಅದನ್ನೇ ಹೇಳಿದರು.

ಕೊನೆಗೆ ಮ್ಯಾಮ್ ಪುರಿಂಗ್ ಎದ್ದರು.

ಎದ್ದವರು ಕೂರಲೇ ಇಲ್ಲ. ಬರೀ ನಿನ್ನ ತಪ್ಪನ್ನೇ ಬರೆದಿದ್ದೀಯಲ್ಲ, ಚಾಪೆಯ ಮೀನು ಯಾಕೆ ರುಚಿ ಎಂದು ಒಂದು ಸಾಲಾದರೂ ಇದೆಯಾ ಎಂದು ಕೇಳಿದರು. ಲೂಮೆನ್ ಒಬ್ಬಳೇ ನಿಜ ಹೇಳಿದ್ದು, ಅವಳನ್ನು ತಮಾಷೆಗೆ ಕೊನೆಯಲ್ಲಿ ತಂದಿದ್ದೀಯ ಎಂದರು. ನಡುವಿನ ಭಾಗ ಪೂರಾ ಹರಟೆ ಎಂದರು.

ಡೆಲ್ಫಿನ್‌ನ ಮುಖ ಕೆಂಪಾಯಿತು. ಉತ್ತರ ಕೊಟ್ಟ. ಅವರು ಒಪ್ಪಲಿಲ್ಲ. ಮತ್ತೆ ಕೊಟ್ಟ. ಕಡೆಗೆ ಅವನ ದನಿಯೂ ಏರಿತು. ಹಿರಿಯರೆದುರು ಹಾಗೆ ದನಿ ಏರಿಸಿದ್ದನ್ನು ಆ ಸಭಾಂಗಣ ಕಂಡಿರಲಿಲ್ಲ. ಏಡಿಯವರು ಅವನ ಪರ ನಿಂತರು, ಗಣಿತದವರು ಮ್ಯಾಮ್ ಪುರಿಂಗ್ ಪರ. ಮಲಗಿದ್ದ ಇಬ್ಬರೂ ಎದ್ದು ಕೂತು ಒಂದೊಂದು ಪಕ್ಷ ಹಿಡಿದರು. ಮಧ್ಯಾಹ್ನದ ತಿಂಡಿ ಆರಿ ತಣ್ಣಗಾಯಿತು, ಯಾರೂ ಅತ್ತ ತಿರುಗಲಿಲ್ಲ.

ಸಭೆ ಮುಗಿದ ಮೇಲೆ ಡೀನರು ಡೆಲ್ಫಿನ್‌ನ ಹೆಗಲ ಮೇಲೆ ಕೈಯಿಟ್ಟು, ಮುಂದಿನ ವರ್ಷ ನೋಡೋಣ ಎಂದರು. ಅದರ ಅರ್ಥ ಅವನಿಗೆ ಈಗ ಚೆನ್ನಾಗಿಯೇ ತಿಳಿಯಿತು.

ಸಂಜೆ ಮ್ಯಾಮ್ ಪುರಿಂಗ್ ನದಿಯ ಮೆಟ್ಟಿಲ ಮೇಲೆ, ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಡೆಲ್ಫಿನ್ ಬಂದು ಪಕ್ಕದಲ್ಲಿ ಕೂತ. ಅವರ ಕೈಯನ್ನು ಹಣೆಗೆ ಒತ್ತಿಕೊಳ್ಳಲಿಲ್ಲ. ಅವನಿಗೆ ತುಂಬ ನೋವಾಗಿತ್ತು.

ಕೇಳಿಯೇಬಿಟ್ಟ.

"ಎಲ್ರೂ ಚೆನ್ನಾಗಿದೆ ಅಂದ್ರು ಮ್ಯಾಮ್. ನೀವೊಬ್ರೇ ಅಷ್ಟು ಜನರ ಮುಂದೆ ಜಗಳಕ್ಕೆ ನಿಂತ್ರಿ. ಅಷ್ಟು ಕೆಟ್ಟದಾಗಿತ್ತಾ?"

ಅವರು ಬೀಸಣಿಗೆಯನ್ನು ಅವನ ಕಡೆ ತಿರುಗಿಸಿ ಮೆಲ್ಲಗೆ ಗಾಳಿ ಹಾಕಿದರು.

"ಕೆಟ್ಟದಾಗಿದ್ದಿದ್ರೆ, ಚೆನ್ನಾಗಿದೆ ಅಂತ ಹೇಳಿ ಮನೆಗೆ ಹೋಗಿ ಮಲಗಿಬಿಡ್ತಿದ್ದೆ, ತೋತೋ."