ಆಳವಾದ ಗೆರೆ

ಮಂಜುಗಡ್ಡೆಯ ಮೇಲೆ ಜಾರುತ್ತ ಕುಣಿಯುವ ಐಸ್ ಡಾನ್ಸ್ ಸ್ಪರ್ಧೆಯಲ್ಲಿ ಒಬ್ಬ ಯುವಕ, ಒಬ್ಬ ಯುವತಿಯ ಜೋಡಿ ಗೆದ್ದಿತು. ಚಪ್ಪಾಳೆ ನಿಲ್ಲುವ ಮೊದಲೇ ಯುವಕನ ಬೂಟಿನಡಿಯ ಉಕ್ಕಿನ ಅಲಗು, ಅವನ ಸ್ಕೇಟು, ಯುವತಿಯ ಸ್ಕೇಟಿಗೆ ಹೇಳಿತು: "ಅವನು ಅವಳನ್ನು ಎತ್ತಿಕೊಂಡು ತಿರುಗಿದಾಗ ನೀನು ಗಾಳಿಯಲ್ಲಿ ತೇಲುತ್ತಿದ್ದೆ. ಮಂಜುಗಡ್ಡೆಯ ಮೇಲಿನ ಆ ಚೆಂದದ ಆಳವಾದ ಗೆರೆ ನನ್ನೊಬ್ಬನದು. ಇನ್ನು ನಿನ್ನ ಹಂಗು ನನಗೆ ಬೇಡ."

"ಹಾಗೇ ಆಗಲಿ. ಅದರ ಪಕ್ಕದಲ್ಲೇ ಒಬ್ಬನೇ ಇನ್ನೊಂದು ಗೆರೆ ಎಳೆ, ನೋಡೋಣ," ಎಂದಿತು ಯುವತಿಯ ಸ್ಕೇಟು.

ಜನರಿಗೆ ಕೈಮುಗಿಯಲು ಯುವಕ ಒಂಟಿಯಾಗಿ ಒಂದು ಸುತ್ತು ಹೊರಟ. ಅವನ ಸ್ಕೇಟು ಇದ್ದ ಬಲವನ್ನೆಲ್ಲ ಹಾಕಿ ಒತ್ತಿತು. ಮೂಡಿದ್ದು ಕೂದಲೆಳೆಯಂಥ ಗೀಟು.

"ಮಂಜುಗಡ್ಡೆಯೇ, ಇಷ್ಟು ಬೇಗ ಗಟ್ಟಿಯಾದೆಯಾ?" ಎಂದು ರೇಗಿತು.

"ನಾನು ಆಗ ಹೇಗಿದ್ದೆನೋ ಈಗಲೂ ಹಾಗೇ ಇದ್ದೇನೆ," ಎಂದಿತು ಮಂಜುಗಡ್ಡೆ. "ಆ ಗೆರೆ ನಿನ್ನದೇ. ಅದರ ಆಳ ಅವಳ ಭಾರದ್ದು."