ವಾಲಿ ನಿಂತ ಗೋಡೆ

ಭೀಮೆಯ ದಂಡೆಗೊಂದು ಸಣ್ಣ ಮಠ. ಮಳೆನೀರು ಹಿಡಿಯಲೆಂದು ಅದರ ಹಿತ್ತಲಲ್ಲಿ ಆಳವಾದ ಹೊಂಡ ತೋಡಿಸುತ್ತಿದ್ದರು.

ಮಣ್ಣು ಕುಸಿಯಬಾರದಲ್ಲ, ಅದಕ್ಕೆ ಹೊಂಡದ ಗೋಡೆಗಳೊಳಗೆ ಉದ್ದುದ್ದ ಕಬ್ಬಿಣದ ಸರಳು ಹೊಡೆದು, ಒಂದೊಂದರ ತಲೆಗೂ ಒಂದು ಬಿಲ್ಲೆ ಕೂಡಿಸಿದ್ದರು. ಕೆಲಸವನ್ನೆಲ್ಲ ನಿಂತು ಮಾಡಿಸಿದವನು ಶಿಷ್ಯ ಶರಭಯ್ಯ.

ಒಂದು ಬೆಳಿಗ್ಗೆ ಭೂಮಿ ನಡುಗಿತು.

ಮಠಕ್ಕೇನೂ ಆಗಲಿಲ್ಲ. ಹೊಂಡದ ಮೂಡಣ ಗೋಡೆ ಮಾತ್ರ ಗೇಣುದ್ದ ಮುಂದಕ್ಕೆ ವಾಲಿ ನಿಂತಿತು. ಆದರೆ ಹೊಳೆಯಾಚೆಯ ಊರಲ್ಲಿ ಮನೆ ಬಿದ್ದು ಶರಭಯ್ಯನ ತಂಗಿ ನೀಲವ್ವ ತೀರಿಕೊಂಡಳು.

"ನಿಮ್ಮ ಅವ್ವಾರು ಬರಬೇಕಂತ ಹೇಳ್ಯಾರ್ರಿ. ಸಂಜೀಕ ಮಣ್ಣು ಕೊಡ್ತಾರ" ಎಂದ ಸುದ್ದಿ ತಂದವನು.

"ಕಾವಿ ಉಟ್ಟವಗ ತಂಗಿ ಎಲ್ಲಿಂದ ಬಂದಳಪಾ?" ಎಂದು ಶರಭಯ್ಯ ಅವನನ್ನು ಕಳಿಸಿಬಿಟ್ಟ. ಕಣ್ಣಲ್ಲಿ ಹನಿ ನೀರಿಲ್ಲ. ಎಂಥ ಎದೆಯೋ ಏನೋ, ಗುದ್ದಲಿ ಹಿಡಿದು ಹೊಂಡದತ್ತ ನಡೆದ.

ಗುರು ಕಲ್ಲಿನಾಥಜ್ಜ ಹೊಂಡದ ದಡದಲ್ಲೇ ಕೂತಿದ್ದರು.

"ಅಜ್ಜಾರ, ಗೋಡಿ ಸೋತೈತ್ರಿ. ಕೆಡವಿ ಮತ್ತ ಕಟ್ಟಸ್ತೀನಿ."

"ಮುಂಜಾನೆ ಬಂದಿದ್ದ ಎಂಜಿನಿಯರ್ ನೋಡಿ ಏನಂದ್ರು?"

"ವಾಲೇತಿ, ಆದ್ರ ಬೀಳೂದಿಲ್ಲ ಅಂದ್ರು. ನನಗ ನೋಡಾಕ ಆಗವಲ್ದು. ಗಟ್ಟಿ ಅನ್ನೂದು ಅಲಗಬಾರದ್ರಿ."

ಅಜ್ಜ ಎದ್ದು ಹೊಂಡಕ್ಕಿಟ್ಟಿದ್ದ ಏಣಿ ಇಳಿದರು. ಶಿಷ್ಯನೂ ಹಿಂದೆ ಇಳಿದ.

ಪಡುವಣ ಗೋಡೆ ಗಟ್ಟಿ ಗರಸು ಮಣ್ಣಿನದು. ಕೂದಲಷ್ಟೂ ಕದಲಿರಲಿಲ್ಲ. ಅಜ್ಜ ಮೊದಲು ಅಲ್ಲಿಗೆ ಹೋದರು.

"ಈ ಬಿಲ್ಲಿ ತಿರುವು."

ತಿರುವಿದ. ಬೆರಳಿಗೇ ಸಲೀಸಾಗಿ ತಿರುಗಿತು.

"ಈಗ ಆ ವಾಲಿದ ಗೋಡೀದು."

ಎರಡೂ ಕೈ ಹಾಕಿದ. ಮಿಸುಕಲಿಲ್ಲ.

"ಎರಡೂ ಕಡೆ ಸರಳು ಹೊಡಿಸಿದವರು ಯಾರು?"

"ನಾನ ರೀ."

"ಮತ್ತ ಇದೊಂದ್ಯಾಕ ಬಿಗಿ ಆತು?"

ಶರಭಯ್ಯ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. "ಇಲ್ಲಿ ಮಣ್ಣು ಸರದೈತ್ರಿ. ಸರದದ್ದಕ್ಕ ಸರಳು ಜಗ್ಗಿ ಹಿಡದೈತಿ."

"ಮಣ್ಣು ಸರೀಲಾರದ ಇದ್ದಿದ್ರ?"

"ಸರಳು ಸುಮ್ಮನ ಒಳಗ ಬಿದ್ದಿರತಿತ್ರಿ."

ಹೊತ್ತು ಇಳಿಯುತ್ತಿತ್ತು. ಅಜ್ಜ ಅವನ ಕೈಯಿಂದ ಗುದ್ದಲಿ ತೆಗೆದುಕೊಂಡರು.

"ನಿಮ್ಮವ್ವ ಹೆಣದ ಮುಂದ ಒಬ್ಬಾಕೀನ ಕುಂತಾಳ, ಶರಭಯ್ಯ."

ಅವನು ತಲೆ ತಗ್ಗಿಸಿದ.

"ಹೋದ್ರ ಅಳ್ತೀನ್ರಿ, ಅಜ್ಜಾರ. ಅಕೀನ್ನ ಎತ್ತಿ ಆಡಿಸಿದವ ನಾನು. ಮುಖ ನೋಡಿದ್ರ ತಡಕೊಳ್ಳಾಕ ಆಗೂದಿಲ್ಲ." ದನಿ ಒಡೆಯಿತು. "ಇಷ್ಟು ವರ್ಷ ನೀವು ಕಲಿಸಿದ್ದೆಲ್ಲ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಗತೈತಿ."

ಅಜ್ಜ ಅವನ ಬೆನ್ನ ಮೇಲೆ ಕೈಯಿಟ್ಟು, ಏಣಿಯ ಕಡೆ ನಡೆಸಿದರು.

"ನಾ ಕಲಿಸಿದ್ದೆಲ್ಲ ನಿನ್ನೊಳಗ ಇನ್ನಾ ಸಡಿಲ ಐತಪಾ. ಹೋಗು, ಹೋಗಿ ಅಳು."