ಗೋಲಿಯಷ್ಟಾದ ಶೇಂಗಾ ಉಂಡಿ

ಬಾಯಿ ಮುಚ್ಚಿ, ಕಿವಿ ತೆರೆದು ಕೂತುಕೊಳ್ಳಿ.

ಚಂಪಿಗೆ ದಿನಾ ಒಂದು ಶೇಂಗಾ ಉಂಡಿ. ಅರ್ಧ ತನಗೆ, ಅರ್ಧ ತಮ್ಮನಿಗೆ. ಒಂದು ದಿನ ನೋಡಿದರೆ ಉಂಡಿ ಗೋಲಿಯಷ್ಟೇ ಆಗಿತ್ತು! ಮುರಿದರೆ ಪುಡಿ. ತಮ್ಮ ಹೋ ಎಂದು ಅತ್ತ. ಚಂಪಿಗೂ ಅಳು ಬಂತು. ಅಕ್ಕ ಅಲ್ಲವೇ, ನುಂಗಿಕೊಂಡಳು.

ಉಂಡಿ ಕಟ್ಟುವ ಸಂಗವ್ವನ ಹತ್ತಿರ ಓಡಿದಳು.

"ಅತ್ತಿ, ಅತ್ತಿ, ಉಂಡಿ ಯಾಕ ಸಣ್ಣದು?"

"ಬೆಲ್ಲ ತುಟ್ಟಿ, ಮಗಳ. ಬೆಲ್ಲದ ಕಲ್ಲಪ್ಪನ್ನ ಕೇಳು."

ಕಲ್ಲಪ್ಪನ ಆಲೆಮನೆಗೆ ಹೋದಳು. ಅಬ್ಬಾ! ಬಾವಿಯಷ್ಟು ಅಗಲದ ಕೊಪ್ಪರಿಗೆ! ಅದರಲ್ಲಿ ಕಬ್ಬಿನ ಹಾಲು ಕೊತಕೊತ!

"ಕಾಕಾ, ಕಾಕಾ, ಉಂಡಿ ಸಣ್ಣದು. ಬೆಲ್ಲ ಯಾಕ ತುಟ್ಟಿ?"

"ಕೊಪ್ಪರಿಗಿ ತುಟ್ಟಿ. ಕಮ್ಮಾರ ಮೌನೇಶನ್ನ ಕೇಳು."

ಕಮ್ಮಾರನ ಕುಲುಮೆಗೆ ಹೋದಳು. ಅಬ್ಬಬ್ಬಾ! ತಿದಿ ಭುಸ್ ಭುಸ್! ಕೆಂಪು ಕೆಂಪು ಕಬ್ಬಿಣ!

"ಕಾಕಾ, ಕಾಕಾ, ಉಂಡಿ ಸಣ್ಣದು. ಬೆಲ್ಲ ತುಟ್ಟಿ. ಕೊಪ್ಪರಿಗಿ ಯಾಕ ತುಟ್ಟಿ?"

"ಇದ್ದಲಿ ತುಟ್ಟಿ. ಇದ್ದಲಿ ಹುಸೇನನ್ನ ಕೇಳು."

ಹುಸೇನನ ಹತ್ತಿರ ಹೋದಳು. ಅಬ್ಬಬ್ಬಬ್ಬಾ! ಇದ್ದಲಿಯ ಕರಿ ಗುಡ್ಡ!

"ಮಾಮಾ, ಮಾಮಾ, ಉಂಡಿ ಸಣ್ಣದು. ಬೆಲ್ಲ ತುಟ್ಟಿ. ಕೊಪ್ಪರಿಗಿ ತುಟ್ಟಿ. ಇದ್ದಲಿ ಯಾಕ ತುಟ್ಟಿ?"

"ಇದ್ದಲಿ ಹೊಳಿ ಆಚಿಂದ ಬರ್ತೈತಿ. ದೋಣಿ ತುಟ್ಟಿ. ಅಂಬಿಗರ ಭೀಮಪ್ಪನ್ನ ಕೇಳು."

ಹೊಳೆಗೆ ಬಂದಳು. ಬಾಯಿ ತೆರೆದದ್ದು ತೆರೆದೇ ಇತ್ತು. ಆಚೆ ದಡ ಕಾಣಲೇ ಇಲ್ಲ! ಅಷ್ಟು ದೊಡ್ಡ ಹೊಳೆಗೆ ಒಂದೇ ದೋಣಿ. ದೋಣಿಯಲ್ಲಿ ಭೀಮಪ್ಪ ಕಾಲು ಚಾಚಿ ಮಲಗಿದ್ದ.

"ಅಜ್ಜಾ, ಅಜ್ಜಾ, ಉಂಡಿ ಸಣ್ಣದು. ಬೆಲ್ಲ ತುಟ್ಟಿ. ಕೊಪ್ಪರಿಗಿ ತುಟ್ಟಿ. ಇದ್ದಲಿ ತುಟ್ಟಿ. ದೋಣಿ ಯಾಕ ತುಟ್ಟಿ?"

ಭೀಮಪ್ಪ ಮೀಸೆ ತಿರುವಿದ. "ನನ್ನ ಬಿಟ್ರ ಇನ್ಯಾರದಾರ? ಬ್ಯಾಡಾದ್ರ ಈಜಿ ಹೋಗ್ರಿ!"

ಇನ್ನು ಯಾರನ್ನು ಕೇಳುವುದು? ಚಂಪಿ ದಡದಲ್ಲೇ ಕೂತು ಅತ್ತುಬಿಟ್ಟಳು.

ಅಲ್ಲೇ ಮುದುಕಿ ದುರಗವ್ವ ಆಯಿ ಬುಟ್ಟಿಯಡಿ ಕೋಳಿ ಮುಚ್ಚುತ್ತಿದ್ದಳು. ಎಂಥ ಬುಟ್ಟಿ ಅಂತೀರಿ! ಊರ ಕೋಳಿಯೆಲ್ಲ ಹಿಡಿಸುವಷ್ಟು!

"ಆಯಿ, ಇಷ್ಟು ದೊಡ್ಡ ಬುಟ್ಟಿ?"

"ಬುಟ್ಟಿ ಅಲ್ಲ ಹುಚ್ಚಿ, ಹರಿಗೋಲು. ಮೊದಲ ಇದರಾಗ ಮಂದಿ ದಾಟಸ್ತಿದ್ದೆ. ಈಗ ಕೋಳಿ ಮನಿ ಆಗೇತಿ."

"ಇನ್ನೂ ತೇಲತೈತೇನು?"

ಆಯಿ ಹರಿಗೋಲು ನೋಡಿದಳು. ಹೊಳೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಗುಚಿದಳು. ಕೊಕ್ಕೊಕ್ಕೊ, ಕೋಳಿಗಳು ದಿಕ್ಕಾಪಾಲು! ನೀರಿಗೆ ದಬ್ಬಿದಳು. ಹರಿಗೋಲು ಗಿರ್ರನೆ ತಿರುಗಿತು. ತೇಲಿತು!

"ಬರ್ರಿ, ಕಡಿಮಿ ರೊಕ್ಕಕ್ಕ, ಸೋವಿಯಾಗಿ ದಾಟಸ್ತೇನಿ!"

ಭೀಮಪ್ಪ ದಡಕ್ಕನೆ ಎದ್ದ. "ನಾನೂ ಸೋವಿ! ನಾನೂ ಸೋವಿ! ಲಗೂನ ದಾಟಸ್ತೇನಿ, ಬರ್ರಿ!"

ಚಂಪಿ ಕೂಗುತ್ತ ಓಡಿದಳು.

"ಮಾಮಾ, ದೋಣಿ ಸೋವಿ!" ಇದ್ದಲಿ ಸೋವಿ ಆಯಿತು.

"ಕಾಕಾ, ದೋಣಿ ಸೋವಿ, ಇದ್ದಲಿ ಸೋವಿ!" ಕೊಪ್ಪರಿಗಿ ಸೋವಿ ಆಯಿತು.

"ಕಾಕಾ, ದೋಣಿ ಸೋವಿ, ಇದ್ದಲಿ ಸೋವಿ, ಕೊಪ್ಪರಿಗಿ ಸೋವಿ!" ಬೆಲ್ಲ ಸೋವಿ ಆಯಿತು.

"ಅತ್ತಿ, ದೋಣಿ ಸೋವಿ, ಇದ್ದಲಿ ಸೋವಿ, ಕೊಪ್ಪರಿಗಿ ಸೋವಿ, ಬೆಲ್ಲ ಸೋವಿ!" ಉಂಡಿ ದೊಡ್ಡದಾಯಿತು. ಅಂಗೈ ತುಂಬ ಆಯಿತು!

ಚಂಪಿ ತಿನ್ನಲೇ ಇಲ್ಲ. ಉಂಡಿಯನ್ನು ನೋಡಿಯೇ ನೋಡಿದಳು.

"ಏನ್ ನೋಡ್ತಿ, ಅಕ್ಕಾ?"

"ಇದರಾಗ ಬೆಲ್ಲ ಐತಿ. ಕೊಪ್ಪರಿಗಿ ಐತಿ. ಇದ್ದಲಿ ಐತಿ. ದೋಣಿ ಐತಿ. ಅಷ್ಟು ದೊಡ್ಡ ಹೊಳಿನೂ ಐತಿ!"

ತಮ್ಮ ಬಗ್ಗಿ ನೋಡಿದ. ಕಣ್ಣು ಅಗಲ ಮಾಡಿದ.

"ಅಕ್ಕಾ, ಹೊಳಿ ಇರೋ ಅರ್ಧ ನನಗ ಕೊಡು."